ಇಳಿಜಾರಿನಲ್ಲಿ ಎತ್ತದ ಫೋನು

ಹೊಸಪೇಟೆ
ಭಾನುವಾರ, ೧೬ ನವೆಂಬರ್ ೨೦೨೫

ಪ್ರೀತಿಯ ಅಕ್ಕ,

ಕಲ್ಲಾದರೂ ಕೂಗಿದರೆ ತಿರುಗಿ ಕೂಗುತ್ತದೆ ಎಂದೆಯೋ, ಕಲ್ಲಿಗೆ ಕೂಗಿದ್ದರೂ ಇಷ್ಟು ಹೊತ್ತಿಗೆ ಓ ಅನ್ನುತ್ತಿತ್ತು ಎಂದೆಯೋ, ಈಗ ಸರಿಯಾಗಿ ನೆನಪಾಗುತ್ತಿಲ್ಲ. ಶುಕ್ರವಾರ ಸಂಜೆ ನೀನು ಫೋನಿನಲ್ಲಿ ಆಡಿದ್ದರಲ್ಲಿ ಅರ್ಧ ಅಳು, ಅರ್ಧ ಬೈಗುಳ. ಎರಡನ್ನೂ ಬೇರೆಬೇರೆ ಮಾಡಿ ಕೇಳುವಷ್ಟು ಚುರುಕು ನನ್ನ ಕಿವಿಗಿರಲಿಲ್ಲ. ಕಮಲಾಪುರದ ಬಂಡೆಗಳ ನಡುವೆ ಆಡಿ ಬೆಳೆದ ನಿನಗೆ ಮಗಳಿಗಿಂತ ಕಲ್ಲಿನ ಮೇಲೆ ಹೆಚ್ಚು ನಂಬಿಕೆ ಇದ್ದರೆ ಆಶ್ಚರ್ಯವೇನೂ ಇಲ್ಲ. ಕೊನೆಯ ಮಾತು ಮಾತ್ರ ಸ್ಪಷ್ಟವಾಗಿ ಕೇಳಿತು: ‘ಆ ಲಾರಿ ಕೆಲಸ ಸಾಕು, ಅಕೀನ್ನ ನನ್ನ ಹತ್ರ ಕಳಿಸಿಬಿಡು.’ ಆಮೇಲೆ ನೀನು ಮಗಳು ಅನಸೂಯಾಳ ಫೋನನ್ನೂ ಎತ್ತುತ್ತಿಲ್ಲ, ನನ್ನದನ್ನೂ ಎತ್ತುತ್ತಿಲ್ಲ. ಎತ್ತದಿರುವ ಸರದಿ ಈಗ ನಿನ್ನದು. ಅದಕ್ಕೇ ಈ ಕಾಗದ. ಕಾಗದದಲ್ಲಿ ಇನ್ನೊಂದು ಅನುಕೂಲವಿದೆ, ನಡುವೆ ಬಾಯಿ ಹಾಕಲು ಬರುವುದಿಲ್ಲ.

ಮೊದಲು ಹೇಳು, ಮಂಡಿನೋವು ಹೇಗಿದೆ? ಅಂಕೋಲೆಯ ಬೆವರಿಗೆ ಮೈ ಒಗ್ಗಿತೇ? ನೀನು ಅಡುಗೆ ಮಾಡುವ ಹಾಸ್ಟೆಲಿನ ಹುಡುಗಿಯರು ನಿನ್ನ ಜೋಳದ ರೊಟ್ಟಿ ಕಂಡರೆ ಈಗ ಮುಖ ಸಿಂಡರಿಸುವುದಿಲ್ಲವಂತೆ. ಅನ್ನ, ಮೀನಿನ ಊರಿಗೆ ಹೋಗಿ ರೊಟ್ಟಿ ಬಡಿದು ಗೆದ್ದವಳು ನೀನು. ಅಂಥವಳ ಮಗಳು ಟ್ರೇಲರ್ ಏರಿದರೆ ಯಾರನ್ನು ಬೈಯಬೇಕು ಎಂದು ನಿಧಾನವಾಗಿ ಯೋಚಿಸು. ಇಲ್ಲಿ ಎಲ್ಲರೂ ಆರಾಮ. ನಿನ್ನ ನಾದಿನಿ ಅನ್ನಪೂರ್ಣ ನಿನಗೆಂದು ಗುರೆಳ್ಳು ಪುಡಿ ಕುಟ್ಟಿದ್ದಾಳೆ. ಕಂಪ್ಲಿ ಕಡೆ ಭತ್ತದ ಕೊಯ್ಲು ಶುರುವಾಗಿ, ರಸ್ತೆಯ ಅರ್ಧ ಭಾಗಕ್ಕೆ ಕಾಳು ಹರವಿ, ಸುತ್ತ ಕಲ್ಲು ಇಟ್ಟಿದ್ದಾರೆ. ನಮ್ಮ ಚಾಲಕರು ದಿನಕ್ಕೊಂದು ಹೊಸ ಬೈಗುಳ ಕಲಿತು ಬರುತ್ತಾರೆ.

ನಿನಗೆ ಗೊತ್ತಿರುವಂತೆ ಸ್ಕೂಟರ್ ಬಿಟ್ಟರೆ ನಾನು ಏನನ್ನೂ ಓಡಿಸಿದವನಲ್ಲ. ಲಾರಿ ಯಾರ್ಡಿನ ಸುರಕ್ಷತಾ ಮೇಲ್ವಿಚಾರಕ ಎಂದರೆ ಓಡಿಸುವವರ ಪಕ್ಕದಲ್ಲಿ ಕೂತು ನೋಡುವವನು. ಇಷ್ಟು ವರ್ಷ ಪಕ್ಕದಲ್ಲೇ ಕೂತವನಿಗೆ, ತಾನು ಎಲ್ಲಿಗೂ ಹೋಗಿಲ್ಲ, ರಸ್ತೆಯೇ ತನ್ನನ್ನು ದಾಟಿ ಹೋಯಿತು ಎಂದು ಒಮ್ಮೊಮ್ಮೆ ಅನ್ನಿಸುತ್ತದೆ. ಇರಲಿ, ಅದು ನನ್ನ ಮಂಡಿನೋವು. ಶುಕ್ರವಾರ ಅನಸೂಯಾಳ ಪರೀಕ್ಷೆ ಇತ್ತು. ಟಿಪ್ಪರ್ ಓಡಿಸಿ ಕೈ ಪಳಗಿದೆ, ಲೈಸೆನ್ಸೂ ಇದೆ, ಆದರೆ ಟ್ರೇಲರ್ ಕೊಡುವ ಮುಂಚೆ ನಮ್ಮ ಯಾರ್ಡಿನ ನಿಯಮದಂತೆ ಒಂದು ಸಲ ಭಾರ ಹೇರಿ ಗುಡ್ಡ ಇಳಿಸಿ ತೋರಿಸಬೇಕು. ದೋಣಿಮಲೈ ಗಣಿಯ ಗುಡ್ಡದ ಮೇಲೆ ಕೆಟ್ಟು ನಿಂತಿದ್ದ ಒಂದು ಡೋಜರನ್ನು ಇಲ್ಲಿಗೆ ತರುವ ಕೆಲಸ ಅವಳಿಗೆ ಬಿತ್ತು. ಪಾಸಾದರೆ ಟ್ರೇಲರ್, ಇಲ್ಲದಿದ್ದರೆ ಮತ್ತೆ ಟಿಪ್ಪರ್. ಸೋದರಮಾವನೇ ಪಾಸು ಮಾಡಿದ ಎಂಬ ಮಾತು ಬರಬಾರದೆಂದು ತೀರ್ಮಾನವನ್ನು ಗಾಳೆಪ್ಪನಿಗೆ ಬಿಟ್ಟಿದ್ದೆ. ಗಾಳೆಪ್ಪ ನಮ್ಮಲ್ಲಿ ಎಲ್ಲರಿಗಿಂತ ಹಳೆಯ ಚಾಲಕ. ಅವನ ಬಾಯಿಂದ ಹೊಗಳಿಕೆ ಬಂದದ್ದನ್ನು ಕೇಳಿದವರು ಯಾರೂ ಈಗ ಕೆಲಸದಲ್ಲಿಲ್ಲ.

ಜಗಳ ಶುರುವಾದದ್ದು ಗುಡ್ಡದ ಮೇಲೆ, ಡೋಜರ್ ಹೇರಿದ ಗಾಡಿ ಹೊರಡುವ ಮುಂಚೆಯೇ. ಚಾಲಕರು ಹತ್ತುವ ಮೊದಲು ವಾಹನವನ್ನು ಒಂದು ಸುತ್ತು ಬಂದು ಟೈರು, ಕೊಂಡಿ, ಸರಪಳಿ, ಗಾಳಿಯ ಪೈಪು, ದೀಪ ಎಲ್ಲ ನೋಡಬೇಕು. ಕಂಪನಿ ಅಂಟಿಸಿರುವ ಚಿತ್ರದಲ್ಲಿ ಬಾಣದ ಗುರುತು ಚಾಲಕನ ಬಾಗಿಲಿನಿಂದ ಗಾಡಿಯ ಮೂತಿಯ ಕಡೆ ಹೋಗಿ ಎಡಕ್ಕೆ ತಿರುಗುತ್ತದೆ. ಅಂದರೆ ಅಪ್ರದಕ್ಷಿಣೆ. ಗಾಳೆಪ್ಪನ ಕಾಲದವರು ಹಾಗೆ ಸತ್ತರೂ ಸುತ್ತುವುದಿಲ್ಲ. ಕೈಯಲ್ಲಿ ರಾಡು ಹಿಡಿದು, ಗಾಡಿಯನ್ನು ಬಲಕ್ಕಿಟ್ಟುಕೊಂಡು, ಗುಡಿ ಸುತ್ತುವ ಹಾಗೆ ಹಿಂದಿನ ಕಡೆ ನಡೆಯುತ್ತಾರೆ. ಒಂದೊಂದು ಟೈರಿಗೂ ಬಡಿದು ಸದ್ದು ಕೇಳುತ್ತಾರೆ. ಅನಸೂಯಾ ಚಿತ್ರದ ಪ್ರಕಾರ ಹೊರಟಳು. ‘ಏ ಯವ್ವಾ, ಉಲ್ಟಾ ಯಾಕ ಸುತ್ತಾಕತ್ತಿ? ಇದೇನು ಸತ್ತವರ ಮನೀನಾ?’ ಎಂದ ಗಾಳೆಪ್ಪ. ‘ಚಿತ್ರದಾಗ ಬಾಣ ಹಿಂಗೇ ಐತಿ ಅಜ್ಜಾ.’ ‘ಬಾಣ ಬರದಾವ ಲಾರಿ ನೋಡ್ಯಾನೋ, ಬರೇ ಬಾಣ ನೋಡ್ಯಾನೋ!’ ನನ್ನ ಕಡೆ ಇಬ್ಬರೂ ತಿರುಗಿದರು. ನಾನು ಗುಡ್ಡದ ಮರಗಳನ್ನು ನೋಡುತ್ತ ನಿಂತೆ. ನಮ್ಮಂಥವರು ತತ್ವದ ಪ್ರಶ್ನೆ ಬಂದಾಗ ಮರ ನೋಡುತ್ತೇವೆ. ಕೊನೆಗೆ ಅವಳು ಚಿತ್ರದ ಸುತ್ತು ಮುಗಿಸಿ, ‘ನಿನ್ನ ದೇವ್ರು ಯಾಕ ಸಿಟ್ಟಾಗ್ಬೇಕು ಬಿಡು’ ಎಂದು ರಾಡು ಕಿತ್ತುಕೊಂಡು ಗಾಳೆಪ್ಪನ ಸುತ್ತನ್ನೂ ಬಂದಳು. ಡೋಜರಿನ ಮರೆಯಲ್ಲಿ ಒಂದು ಸರಪಳಿ ಸಡಿಲವಾಗಿತ್ತು. ಮೂತಿಯ ಕಡೆಯಿಂದ ಬರುವಾಗ ಕಂಡಿರಲಿಲ್ಲ, ಹಿಂದಿನಿಂದ ಬರುವಾಗ ಕಂಡಿತು. ಬಿಗಿದಳು. ಗಾಳೆಪ್ಪನ ಮುಖದಲ್ಲಿ ಕುಂಕುಮಾರ್ಚನೆ ಮುಗಿಸಿದ ಪೂಜಾರಿಯ ಕಳೆ. ಅನಸೂಯಾ ಹೇಳಿದ್ದು ಇಷ್ಟೇ: ‘ಅಜ್ಜಾ, ನೀ ಒಂದೇ ಸುತ್ತು ಹಾಕ್ತಿಯಲ್ಲ, ನಿನಗ ಮೂತಿ ಕಡಿಂದು ಏನೇನು ಕಂಡಿಲ್ಲೋ ಇಷ್ಟು ವರ್ಷ?’ ಅಜ್ಜ ಬೀಡಿ ಹುಡುಕತೊಡಗಿದ. ನಿನ್ನೆಯಿಂದ ಯಾರ್ಡಿನಲ್ಲಿ ಅರ್ಧ ಜನ ಎರಡೂ ಕಡೆಯಿಂದ ಸುತ್ತುತ್ತಿದ್ದಾರೆ, ಕಂಪನಿಗೆ ತಿಳಿಸಬೇಕೋ ಬೇಡವೋ ಗೊತ್ತಾಗುತ್ತಿಲ್ಲ.

ಈಗ ನಿನ್ನ ಫೋನಿನ ವಿಷಯಕ್ಕೆ ಬರುತ್ತೇನೆ. ಅಷ್ಟು ಭಾರ ಹೊತ್ತ ಗಾಡಿಯನ್ನು ಇಳಿಸುವವರು ಇಳಿಜಾರಿನ ತಲೆಯಲ್ಲೇ ಕೆಳಗಿನ ಗೇರಿಗೆ ಹಾಕಿಕೊಂಡುಬಿಡಬೇಕು. ನಡುವೆ ನೋಡಿಕೊಳ್ಳೋಣ ಅಂದರೆ ಗಾಡಿ ಆಮೇಲೆ ಮಾತು ಕೇಳುವುದಿಲ್ಲ. ಕಾಲು ಬ್ರೇಕಿನ ಮೇಲೇ ಇಟ್ಟರೆ ಅದು ಕಾದು, ಬೇಕಾದಾಗ ಹಿಡಿಯುವುದಿಲ್ಲ. ನ್ಯೂಟ್ರಲ್‌ಗೆ ಹಾಕಿ ಡೀಸೆಲ್ ಉಳಿಸುತ್ತೇನೆನ್ನುವ ಜಾಣರ ಕಥೆ ನಿನಗೆ ಹೇಳುವುದಿಲ್ಲ, ನೀನು ಮೊದಲೇ ನಿದ್ದೆ ಮಾಡುವವಳಲ್ಲ. ಅನಸೂಯಾ ಇಂಜಿನ್ನನ್ನೇ ಗಾಡಿ ಹಿಡಿಯಲು ಬಿಟ್ಟು, ನಡಿಗೆಗಿಂತ ಸ್ವಲ್ಪ ಜೋರಾಗಿ, ಮೂಗುತಿ ಮಿಂಚುತ್ತ, ತುಟಿ ಕಚ್ಚಿಕೊಂಡು ಇಳಿಸುತ್ತಿದ್ದಳು. ಹಿಂದೆ ಸಿಬ್ಬಂದಿ ಬಸ್ಸೊಂದು ಹಾರ್ನ್ ಹೊಡೆದೂ ಹೊಡೆದೂ ಸುಮ್ಮನಾಗಿತ್ತು. ಎರಡನೇ ತಿರುವಿನಲ್ಲಿ ಅವಳ ಫೋನು ಕೂಗಿತು. ನಿನ್ನದೇ ಎಂದು ಹಾಡಿನಿಂದಲೇ ಗೊತ್ತಾಯಿತು, ನಿನಗಾಗಿ ಬೇರೆ ಹಾಡು ಇಟ್ಟಿದ್ದಾಳೆ. ಅವಳು ಕಣ್ಣು ಕದಲಿಸಲಿಲ್ಲ. ಅದು ನಿಂತ ಮೇಲೆ ನನ್ನ ಜೇಬು ನಡುಗಿತು. ಕೈ ತಾನಾಗಿ ಹೋಯಿತು, ಅಕ್ಕ. ನಿನ್ನ ಫೋನು ಎತ್ತದೆ ಬಿಡುವ ಅಭ್ಯಾಸ ನನಗೂ ಇಲ್ಲ. ‘ಮಾಮ, ತೆಗೀಬ್ಯಾಡ’ ಎಂದಳು. ‘ನೀ ಅವ್ವನ ಕೂಡ ಮಾತಾಡಿದ್ರ ನನ್ನ ಕಿವಿ ನಿನ್ನ ಕಡೆ ಬರ್ತಾವ. ನನಗ ಅವು ಇಂಜಿನ್ ಕಡೆ ಬೇಕು.’ ನಾನು ಕೈ ತೊಡೆಯ ಮೇಲೆ ಇಟ್ಟುಕೊಂಡೆ. ಆಗ ಹಿಂದಿನ ಸೀಟಿನಲ್ಲಿ ಗಾಳೆಪ್ಪನ ಫೋನು ಶುರುವಾಯಿತು. ‘ಇದೂ ನಿಮ್ಮಕ್ಕಂದೇ ಸರ್’ ಎಂದು ಅದನ್ನು ದಿಂಬಿನ ಕೆಳಗೆ ತುರುಕಿ ಅದರ ಮೇಲೆ ಕೂತ. ಹೀಗೆ ನೀನು ಸರದಿಯ ಪ್ರಕಾರ ಮೂವರಲ್ಲೂ ಕೂಗುತ್ತಿದ್ದೆ, ಮೂವರೂ ಶಾಲೆಯ ಮಕ್ಕಳಂತೆ ಮುಂದೆ ನೋಡುತ್ತ ಕೂತಿದ್ದೆವು. ವಿಚಿತ್ರವೆಂದರೆ, ನಾನು ಇಷ್ಟು ವರ್ಷದಲ್ಲಿ ಯಾವ ಗಾಡಿಯಲ್ಲೂ ಅಷ್ಟು ನಿಶ್ಚಿಂತೆಯಿಂದ ಕೂತಿರಲಿಲ್ಲ.

ಇಳಿಜಾರಿನಲ್ಲಿ ನಿಲ್ಲಿಸಿ ಮಾತಾಡಬಹುದಿತ್ತಲ್ಲ ಎನ್ನುತ್ತೀಯ. ಅಲ್ಲಿ ನಿಲ್ಲಿಸಬಾರದು, ನಿಲ್ಲಿಸಿದರೆ ತಿರುವಿನಾಚೆಯಿಂದ ಬರುವವರಿಗೆ ನಾವೇ ಗುಡ್ಡ. ಕೆಳಗೆ ಸಮತಟ್ಟು ಸಿಕ್ಕ ಕೂಡಲೇ ಬದಿಗೆ ತೆಗೆದು, ಹ್ಯಾಂಡ್‌ಬ್ರೇಕು ಹಾಕಿ, ಇಳಿದು ಚಕ್ರಗಳಿಗೆ ಮರದ ತುಂಡು ಕೊಟ್ಟು, ಆಮೇಲೆ ಅವಳು ಮಾಡಿದ ಮೊದಲ ಕೆಲಸ ನಿನಗೆ ಫೋನು. ಎಂಗೇಜ್. ಮತ್ತೆ ಎಂಗೇಜ್. ನಾನು ಮಾಡಿದೆ, ಎಂಗೇಜ್. ಯಾಕೆಂದರೆ ಅಷ್ಟರಲ್ಲಿ ನೀನು ನಮ್ಮ ಬಂಧುಬಳಗದಲ್ಲಿ ಫೋನು ಇರುವವರಿಗೆಲ್ಲ ಮಾಡತೊಡಗಿದ್ದೆ.

ಅದರ ಫಲ ಯಾರ್ಡಿನಲ್ಲಿ ಕಾದಿತ್ತು. ‘ಅನಸೂಯಾ ಫೋನ್ ಎತ್ತವಲ್ಲಳು’ ಎಂದು ನೀನು ಮರಿಯಮ್ಮನಹಳ್ಳಿಯ ತಿಪ್ಪಕ್ಕ ಚಿಗವ್ವನಿಗೆ ಹೇಳಿದ್ದೆಯಷ್ಟೆ. ಅವ್ವನ ತಂಗಿಯರಲ್ಲಿ ಉಳಿದಿರುವವಳು ಅವಳೊಬ್ಬಳೇ, ಹಾಗಾಗಿ ಎಲ್ಲರ ಪಾಲಿನ ಅಳುವನ್ನೂ ಅವಳೇ ಅಳಬೇಕು. ಆ ಮಾತು ಅವಳ ಓಣಿಯ ಕೊನೆ ಮುಟ್ಟುವ ಹೊತ್ತಿಗೆ ಲಾರಿ ಹಳ್ಳಕ್ಕೆ ಬಿದ್ದಿತ್ತು. ಮಗ ಹನುಮೇಶನ ಬೈಕಿನ ಹಿಂದೆ ಕೂತು ಹೊರಟವಳ ಜೊತೆಗೆ ಒಂದು ಆಟೋ ತುಂಬ ಜನ. ನಾವು ಗೇಟಿನಲ್ಲಿ ಬರುವಾಗ ಇವರೆಲ್ಲ ಅಂಗಳದ ನಡುವೆ ಕೂತು ಎದೆ ಬಡಿದುಕೊಳ್ಳುತ್ತಿದ್ದರು. ಅನಸೂಯಾ ಟ್ರೇಲರನ್ನು ಹಿಂದಕ್ಕೆ ತೆಗೆದು ಶೆಡ್ಡಿಗೆ ಸೇರಿಸಬೇಕು, ಪರೀಕ್ಷೆಯ ಕಷ್ಟದ ಭಾಗವೇ ಅದು. ಚಿಗವ್ವ ಅವಳನ್ನು ಕಂಡದ್ದೇ ತಡ ‘ನನ್ನವ್ವಾ, ಬದುಕಿ ಬಂದ್ಯಾ!’ ಎಂದು ಓಡಿ ಬಂದಳು, ಹಿಂದೆ ಎಲ್ಲರೂ. ಬಂದು ಸರಿಯಾಗಿ ಕನ್ನಡಿಯಲ್ಲಿ ಕಾಣದ ಜಾಗದಲ್ಲಿ ನಿಂತರು. ಅನಸೂಯಾ ಗಾಡಿ ನಿಲ್ಲಿಸಿ, ಇಂಜಿನ್ ಆರಿಸಿ, ಕಿಟಕಿಯಿಂದ ಅರ್ಧ ಮೈ ಹೊರಹಾಕಿ ಕೂಗಿದಳು: ‘ಅಜ್ಜೀ, ಅಳೂದಿದ್ರ ಹಳದಿ ಗೆರಿ ಆಚೆ ನಿಂತು ಅಳ್ರಿ!’ ಚಿಗವ್ವ ಸೆರಗು ಸರಿಮಾಡಿಕೊಂಡು, ಎಲ್ಲರನ್ನೂ ಕರೆದುಕೊಂಡು ಹಳದಿ ಗೆರೆ ದಾಟಿ ನಿಂತು, ಬಿಟ್ಟಲ್ಲಿಂದ ಮುಂದುವರಿಸಿದಳು. ಟ್ರೇಲರ್ ಒಂದೇ ಸಲಕ್ಕೆ ಶೆಡ್ಡಿನೊಳಗೆ ಹೋಯಿತು. ಅಳುತ್ತಿದ್ದವರೇ ಚಪ್ಪಾಳೆ ಹೊಡೆದರು. ಗಾಳೆಪ್ಪ ಇಳಿದು ಸೊಂಟ ನೆಟ್ಟಗೆ ಮಾಡಿಕೊಂಡು, ‘ಪಾಸ್ ಸರ್. ಆದ್ರ ಬಾಯಿ ಭಾಳ’ ಎಂದ. ಹೊಗಳಿಕೆ ಎಂದರೆ ಅಷ್ಟೇ.

ಅಕ್ಕ, ನಿನಗಿರುವುದು ಒಬ್ಬಳೇ ಮಗಳು. ಭಯಪಡಬೇಡ ಎಂದು ಹೇಳಲು ನಾನು ಯಾರು. ಫೋನು ಎತ್ತಲಿಲ್ಲ ಎಂದು ನೀನು ಹೆದರಿದೆ. ಗುಡ್ಡ ಇಳಿಯುವಾಗ ಎತ್ತುವವರ ಪಕ್ಕದಲ್ಲಿ ಕೂತು ಕೂತು ನನ್ನ ಕೂದಲು ಬೆಳ್ಳಗಾಗಿದೆ. ನಮ್ಮಿಬ್ಬರ ಹೆದರಿಕೆಗಳು ಎದುರು ಬದುರಾಗಿ ಬರುತ್ತಿವೆ, ಯಾವುದೋ ಒಂದು ಬದಿಗೆ ಸರಿಯಬೇಕು. ನನ್ನದು ದೊಡ್ಡ ಗಾಡಿ, ನಿನ್ನದು ಸಣ್ಣದು ಎಂದೇನೂ ನಾನು ಹೇಳುತ್ತಿಲ್ಲ.

ಮಂಡಿಗೆ ಎಣ್ಣೆ ಹಚ್ಚುವುದನ್ನು ಬಿಡಬೇಡ, ಹುಡುಗಿಯರ ರೊಟ್ಟಿ ತಟ್ಟುವ ಕೆಲಸ ಸ್ವಲ್ಪ ಹುಡುಗಿಯರೇ ಕಲಿಯಲಿ. ಅನ್ನಪೂರ್ಣಳ ನಮಸ್ಕಾರ. ತಿಪ್ಪಕ್ಕ ಚಿಗವ್ವ ನಿನಗೆ ಸಾವಿರ ಆಶೀರ್ವಾದವನ್ನೂ, ಇನ್ನು ಮೇಲೆ ಸುದ್ದಿ ಖಾತ್ರಿ ಮಾಡಿಕೊಂಡು ಫೋನು ಮಾಡು ಎಂಬ ಬುದ್ಧಿಮಾತನ್ನೂ ಕಳಿಸಿದ್ದಾಳೆ.

ನಿನ್ನ ತಮ್ಮ,
ಜಂಬುನಾಥ

ತಾ.ಕ.: ಕಾಗದ ತರುವವನು ನಮ್ಮ ಚಾಲಕ ಮಾರೇಶ್, ಹೊರಗೆ ಹಾರ್ನ್ ಹೊಡೆಯುತ್ತಿದ್ದಾನೆ, ನಾಳೆ ನಿಮ್ಮೂರು ಮುಟ್ಟುತ್ತಾನೆ, ಊಟ ಹಾಕಿ ಕಳಿಸು. ಹೇಳಬೇಕಾದದ್ದನ್ನೇ ಹೇಳಿಲ್ಲ. ಬುಧವಾರ ಕಬ್ಬಿಣದ ತಗಡು ಹೇರಿಕೊಂಡು ಒಂದು ಟ್ರೇಲರ್ ಕರಾವಳಿಗೆ ಹೊರಡುತ್ತದೆ. ಅರಬೈಲು ಘಾಟ್ ಇಳಿದು ಅಂಕೋಲೆಯ ಮೇಲೇ ಹೋಗಬೇಕು. ಗಾಳೆಪ್ಪ ಕೇಳದೆಯೇ ಅನಸೂಯಾಳ ಹೆಸರು ಹೇಳಿದ. ಅವಳು ನಿನ್ನೆ ಕೀಲಿಯನ್ನು ತಂದು ನನ್ನ ಮೇಜಿನ ಮೇಲಿಟ್ಟು ಹೋಗಿದ್ದಾಳೆ. ‘ಅವ್ವ ಸಿಟ್ಟಿನ್ಯಾಗ ಇರೋತನಕ ನಾ ಹತ್ತಂಗಿಲ್ಲ ಮಾಮ. ತಲ್ಯಾಗ ಅಕಿ, ಕೈಯಾಗ ಸ್ಟೇರಿಂಗು, ಘಾಟಿನ್ಯಾಗ ಅದು ನಡಿಯಂಗಿಲ್ಲ’ ಎಂದಳು. ಮಾವನಾಗಿ ಅವಳನ್ನು ಸಮಾಧಾನ ಮಾಡಬಹುದಿತ್ತು. ಸುರಕ್ಷತೆಯವನಾಗಿ ಅವಳು ಹೇಳಿದ್ದು ಸರಿ ಎನ್ನಬೇಕಾಯಿತು. ಮಂಗಳವಾರದೊಳಗೆ ನಿನ್ನಿಂದ ಮಾತು ಬರದಿದ್ದರೆ ಗಾಡಿ ಬೇರೆಯವರ ಪಾಲು, ಅವಳು ಮತ್ತೆ ಟಿಪ್ಪರ್‌ಗೆ. ಮಂಗಳವಾರ ಮಧ್ಯಾಹ್ನ ಊಟದ ಹೊತ್ತಿಗೆ ನನಗೆ ಫೋನು ಮಾಡು. ಆಫೀಸಿನ ಕುರ್ಚಿಯಲ್ಲಿ ಕೂತಿರುತ್ತೇನೆ, ಅದಕ್ಕೆ ಚಕ್ರ ಇಲ್ಲ, ಖಂಡಿತ ಎತ್ತುತ್ತೇನೆ. ಅವಳಿಗೆ ಕೀಲಿ ಕೊಡಲೇ, ಅಕ್ಕ?