ಚೌಕದ ಎರಡನೆಯ ಗೆರೆ

ಲಕ್ಷ್ಮೇಶ್ವರ
೧೯ ಅಕ್ಟೋಬರ್ ೧೯೫೬, ಶುಕ್ರವಾರ

ಮನೆಯವರಿಗೆ ಮಂಜವ್ವನ ನಮಸ್ಕಾರಗಳು.

ಎರಡು ವರ್ಷದಲ್ಲಿ ನಿಮಗೆ ನಾನು ಬರೆಯುವ ಮೊದಲ ಕಾಗದ ಇದು. ಅಸುಂಡಿಗೆ, ನಿಮ್ಮ ಅಣ್ಣನ ಮನೆಯ ವಿಳಾಸಕ್ಕೆ ಬರೆಯುತ್ತಿದ್ದೇನೆ. ನಿಮ್ಮ ಕೈ ಸೇರುವ ಮೊದಲು ಬೇರೆ ಯಾರಾದರೂ ಒಡೆದು ಓದಿಯಾರು ಎಂಬ ಸಂಶಯವಿದೆ. ಓದಿದರೆ ಓದಲಿ.

ಮಣ್ಣು ಅಗೆಯುವ ದ್ಯಾಮಪ್ಪನ ಸುದ್ದಿ ನಿಮಗೆ ಮುಟ್ಟಿರಬೇಕು. ನೀವು ಹೋದ ಮೇಲೆ ಚೌಕದಲ್ಲಿ ನೆಲ ಕುಸಿಯಿತು, ಅವನ ಕಾಲು ಮುರಿಯಿತು. ಕಾಲು ಉಳಿದಿದೆ, ಆದರೆ ಮೂರು ತಿಂಗಳು ನೆಲಕ್ಕೆ ಊರುವಂತಿಲ್ಲ. ನಿಮ್ಮ ಮೇಲೆ ಹೆಸರಿಲ್ಲದ ದೂರಿನ ಅರ್ಜಿ ಬರೆದವನು ಟಾಂಗಾದ ಯಮನೂರಸಾಬ ಎಂದು ಊರು ತೀರ್ಮಾನ ಮಾಡಿದೆ. ಟಾಂಗಾಗಳನ್ನು ನೀವು ಅಗಸಿ ಬಾಗಿಲ ಹೊರಗೇ ನಿಲ್ಲಿಸುತ್ತೀರಿ ಎಂದು ಊರಲ್ಲಿ ಮಾತಿತ್ತಲ್ಲ, ಆ ಸಿಟ್ಟಿಗೆ ಬರೆದ ಅಂತ. ಈಗ ಅವನ ಟಾಂಗಾ ಯಾರೂ ಹತ್ತುವುದಿಲ್ಲ. ನೀವೂ ಹಾಗೇ ತಿಳಿದಿದ್ದೀರಿ ಎಂದು ಕೇಳಿದೆ. ಅದಕ್ಕೇ ಬರೆಯಲು ಕೂತೆ. ನಾನು ಕಂಡದ್ದನ್ನು ಕಂಡ ಹಾಗೆಯೇ ಹೇಳುತ್ತೇನೆ.

ಬರುವ ನವೆಂಬರ್ ಒಂದಕ್ಕೆ ಕನ್ನಡದವರೆಲ್ಲ ಒಂದು ರಾಜ್ಯವಾಗುತ್ತೇವೆ. ಅಂದು ಚೌಕದಲ್ಲಿ ಬಾವುಟ ಏರಬೇಕು, ಮೋಟಾರು ಬಂದು ತಿರುಗಿಕೊಂಡು ಹೋಗುವಷ್ಟು ಜಾಗ ಆಗಬೇಕು ಎಂದು ಹಿರಿಯರು ಕೂಡಿ ಚೌಕ ಸುಧಾರಣಾ ಮಂಡಳಿ ಮಾಡಿದರು. ಬೇವಿನ ಮರ ಕಡಿಯುವುದು, ಮೆಟ್ಟಿಲಬಾವಿ ಮುಚ್ಚುವುದು, ಕಾಳಿನ ವ್ಯಾಪಾರಿ ಹುಚ್ಚೀರಪ್ಪನ ಜಗಲಿ ಒಡೆದು ರಸ್ತೆ ಅಗಲ ಮಾಡುವುದು ಎಂದು ಅವರ ಮಾತಾಯಿತು. ಆಗಸ್ಟಿನಲ್ಲಿ ಒಂದು ದಿನ ಅಳತೆಯ ಸರಪಳಿ ನೋಡಲು ನನ್ನ ಶಾಲೆಯ ಹುಡುಗಿಯರು ಕಿಟಕಿಗೆ ಓಡಿದರು. ನಾನೂ ನೋಡಿದೆ. ಸರಪಳಿ ಹಿಡಿಸಿ ನಿಂತ ಓವರಸಿಯರ ನೀವು.

ನನ್ನ ಊರಿಗೆ ಬಂದವರು ನನಗೆ ಒಂದು ಮಾತು ತಿಳಿಸಲಿಲ್ಲ. ಮದುವೆ ಮುಂಡರಗಿಯಲ್ಲಿ ಆದದ್ದರಿಂದ ನೀವು ನನ್ನ ಗಂಡನೆಂದು ಇಲ್ಲಿ ಯಾರಿಗೂ ಗುರುತಿರಲಿಲ್ಲ. ದಿನಕ್ಕೆ ನಾಲ್ಕು ಸಲ ಶಾಲೆಯ ಮುಂದೆ ಹಾಯ್ದಿರಿ, ಕತ್ತೆತ್ತಲಿಲ್ಲ. ಮುಂಡರಗಿಯ ಮನೆಯಲ್ಲೂ ನೀವು ಹೀಗೇ ಇದ್ದಿರಿ. ತಿಂಗಳಿಗೊಮ್ಮೆ ಹೊಳೆದಂಡೆಯ ಹಮ್ಮಿಗಿಗೆ ಹೋಗಿ ಬರುತ್ತಿದ್ದಿರಿ. ಯಾಕೆ ಎಂದು ಕೇಳಿದರೆ "ಕೆಲಸ ಇತ್ತು" ಅಂದಿರಿ. ಆ ಎರಡು ಶಬ್ದದ ಮೇಲೆ ನಾನು ಹೊಳೆಯ ದಂಡೆಯಲ್ಲಿ ಒಂದು ಮನೆ ಕಟ್ಟಿದೆ, ಅದರೊಳಗೆ ಒಬ್ಬ ಹೆಂಗಸನ್ನು ಕೂರಿಸಿದೆ, ಆಮೇಲೆ ಟ್ರಂಕು ತುಂಬಿಕೊಂಡು ಅಪ್ಪನ ಮನೆಗೆ ಬಂದೆ. ಹಮ್ಮಿಗಿಯ ಖರೆ ಏನೆಂದು ನನಗೆ ಇಂದಿಗೂ ಗೊತ್ತಿಲ್ಲ.

ನೀವು ಸುಣ್ಣದಲ್ಲಿ ಎಳೆಸಿದ ಮೊದಲ ಗೆರೆ ಹುಚ್ಚೀರಪ್ಪನ ಜಗಲಿಯ ನಡುವೆ ಹಾಯ್ದಿತ್ತು. ಎಂಟು ದಿನದ ಮೇಲೆ ನೋಡಿದರೆ ಅದು ಅಳಿಸಿಹೋಗಿ, ಜಗಲಿಯನ್ನು ಬಿಟ್ಟು ಬಳಸಿಕೊಂಡು ಇನ್ನೊಂದು ಗೆರೆ ಬಂದಿತ್ತು. ಅದರ ಹಿಂದಿನ ದಿನ ನೀವು ಅವನ ಅಂಗಡಿಯ ಒಳಕೋಣೆಗೆ ಹೋದದ್ದನ್ನು, ತಾಸು ಬಿಟ್ಟು ಹೊರಬಿದ್ದದ್ದನ್ನು, ಅವನು ಎರಡೂ ಕೈ ಮುಗಿದು ನಿಮ್ಮನ್ನು ಬೀಳ್ಕೊಟ್ಟದ್ದನ್ನು ಕಿಟಕಿಯಿಂದ ಕಂಡಿದ್ದೆ. ಬಳೆ ಮಾರುವ ಮೋತಿಬಿಯ ಪಕ್ಕದಲ್ಲಿ ಬೇವಿನ ಕಟ್ಟೆಯ ಮೇಲೆ ದಿನಾ ಕೂತು ನೀವು ಮಾತಾಡುವುದನ್ನೂ ಕಂಡಿದ್ದೆ. ಅವಳಿಂದ ನನ್ನ ಸಂಗತಿ ತೆಗೆಯುತ್ತಿದ್ದೀರಿ ಎಂದುಕೊಂಡೆ. ಎಲ್ಲವೂ ಸೇರಿ ನನ್ನ ಸಂಶಯ ಗಟ್ಟಿಯಾಯಿತು.

ಆ ಅರ್ಜಿ ಬರೆದವಳು ನಾನು. ಎಡಗೈಯಲ್ಲಿ ಬರೆದೆ, ಅಕ್ಷರ ಗುರುತು ಸಿಗಬಾರದೆಂದು. ವ್ಯಾಪಾರಿಯ ಲಂಚಕ್ಕೆ ಬಿದ್ದು ಓವರಸಿಯರ ಗೆರೆ ಬದಲಿಸಿದ್ದಾರೆ ಎಂದು ಬರೆದೆ. ಕೆಳಗೆ 'ಊರ ಹಿತಚಿಂತಕರು' ಎಂದು ಹಾಕಿದೆ. ಊರ ಹಿತಕ್ಕೇ ಬರೆದೆ ಎಂದು ನಿನ್ನೆಯವರೆಗೂ ನನ್ನನ್ನು ನಾನು ನಂಬಿಸಿದ್ದೆ. ನಿಮ್ಮ ಕತ್ತು ಒಂದು ಸಲ ನನ್ನ ಕಿಟಕಿಯ ಕಡೆಗೆ ಹೊರಳಿದ್ದರೆ ಬರೆಯುತ್ತಿದ್ದೆನೋ ಇಲ್ಲವೋ, ಹೇಳಲಾರೆ.

ಮಂಡಳಿಯವರು ವಿಚಾರಣೆಗೆ ಕರೆದಾಗ ನೀವು "ನಕಾಶೆಯೊಳಗ ಎಲ್ಲಾ ಬರದೀನ್ರಿ, ನೋಡ್ರಿ" ಅಂದು ಸುಮ್ಮನಾದಿರಂತೆ. ಯಾರೂ ನೋಡಲಿಲ್ಲ. ನಕಾಶೆಯನ್ನು ಕಟ್ಟಿ ಕಪಾಟಿನಲ್ಲಿಟ್ಟರು, ನಿಮ್ಮನ್ನು ಕೆಲಸದಿಂದ ನಿಲ್ಲಿಸಿದರು, ಹೊಸಬನನ್ನು ಕರೆದು ಮೊದಲಿನ ಗೆರೆಯ ಮೇಲೇ ಅಗೆಯಲು ಹೇಳಿದರು. ಮೂರನೆಯ ದಿನ ಮುಂಜಾನೆ ನಾನು ಮಗ್ಗಿ ಹೇಳಿಸುತ್ತಿದ್ದೆ. ಜೋಳದ ಚೀಲ ಉರುಳಿದಂಥ ಸಪ್ಪಳವಾಯಿತು. ಹೊರಗೆ ಬಂದು ನೋಡಿದರೆ ಜಗಲಿ ಅರ್ಧ ಇರಲಿಲ್ಲ. ಕೆಳಗೆ ಕಲ್ಲಿನ ಮೆಟ್ಟಿಲುಗಳು ಕಾಣುತ್ತಿದ್ದವು. ಅವುಗಳ ಮೇಲೆ ದ್ಯಾಮಪ್ಪ ಬಿದ್ದಿದ್ದ.

ಅವನನ್ನು ನೋಡಲು ಹೋದೆ. ಅವನ ಹೆಂಡತಿ ಮರಿಯವ್ವ ಗಂಜಿ ಕುಡಿಸುತ್ತಿದ್ದಳು. ಅವನು ನನ್ನನ್ನು ನೋಡಿ, "ಅಕ್ಕಾರ, ಮೊದಲಿನ ಸಾಹೇಬರು ನನಗ ಹೇಳಿದ್ರರಿ. ಈ ಮಗ್ಗಲಾ ಪೊಳ್ಳ ಐತಿ, ಬಾವಿ ಮೆಟ್ಟಲ ಜಗಲಿ ಬುಡಕ ಹೋಗ್ಯಾವು, ಇಲ್ಲೆ ಗುದ್ದಲಿ ಹಾಕಬ್ಯಾಡೋ ಅಂದಿದ್ರು. ಹೊಸಬರಿಗೆ ಹೇಳಿದ್ನಿ. ನಿನಗೇನ ತಿಳೀತೈತಿ, ಅಗಿ ಅಂದ್ರು" ಎಂದ.

ಇದನ್ನೂ ನಾನು ನಂಬಲಿಲ್ಲ. ನೀವೇ ಹೇಳಿಕೊಟ್ಟಿರಬೇಕು ಎಂದುಕೊಂಡು ಮನೆಗೆ ಬಂದೆ. ನನ್ನ ಬುದ್ಧಿ ಎಲ್ಲಿಗೆ ಬಂದು ನಿಂತಿದೆ ನೋಡಿ.

ನಿನ್ನೆ ಮಂಡಳಿಯ ಸಭೆ ನಮ್ಮ ಶಾಲೆಯಲ್ಲೇ ಸೇರಿತು. ಬೀಗದ ಕೈ ನನ್ನ ಹತ್ತಿರವಿತ್ತು. ಈಗ ಗಾಬರಿಗೆ ನಿಮ್ಮ ನಕಾಶೆಯನ್ನು ಹೊರತೆಗೆದು ಗೋಡೆಗೆ ಹಚ್ಚಿದ್ದರು. ಎಲ್ಲರೂ ಹೋದ ಮೇಲೆ ನಾನೊಬ್ಬಳೇ ಅದರ ಮುಂದೆ ನಿಂತೆ. ಬಾವಿಯನ್ನು ನೀವು ಮುಚ್ಚಿಸಿರಲಿಲ್ಲ, ಸುತ್ತ ಕಂಬಿಯ ಕಟಾಂಜನ ಹಾಕಿದ್ದಿರಿ. ಮರ ಅಲ್ಲೇ ಇತ್ತು. ಮೋಟಾರು, ಟಾಂಗಾ ಅಗಸಿಯ ಹೊರಗೆ, ನಡೆಯುವವರು ಒಳಗೆ. ಕಟ್ಟೆಯ ಮೇಲೆ ಸಣ್ಣ ಸಣ್ಣ ಸುತ್ತುಗಳಿದ್ದವು. ಒಂದರಲ್ಲಿ 'ಬಳೆಯವಳು, ಹನ್ನೊಂದರ ತನಕ ನೆರಳು' ಎಂದಿತ್ತು. ಇನ್ನೊಂದರಲ್ಲಿ 'ಸೊಪ್ಪಿನವರು, ನಾಲ್ಕರ ಮೇಲೆ ಬಿಸಿಲಿಲ್ಲ'. ಮೋತಿಬಿಯ ಪಕ್ಕ ಕೂತು ನೀವು ಬರೆದುಕೊಂಡದ್ದು ಇದು. ಜಗಲಿಯ ಹತ್ತಿರ ಕೆಂಪು ಶಾಯಿಯಲ್ಲಿ, 'ಕೆಳಗೆ ಹಳೆಯ ಮೆಟ್ಟಿಲು. ಅಂಗಡಿ ಒಳಗೆ ನೆಲ ಬಿರಿದಿದೆ. ಇಲ್ಲಿ ಅಗೆಯಬಾರದು.'

ಅಲ್ಲಿಂದ ನೆಟ್ಟಗೆ ಹುಚ್ಚೀರಪ್ಪನ ಮನೆಗೆ ಹೋಗಿ ಕೇಳಿದೆ. ಅವನು ಮೊದಲು ಹೊರಗೆ ಇಣುಕಿ ಬಾಗಿಲು ಮುಂದೆ ಮಾಡಿದ. ಆಮೇಲೆ, "ನೆಲಾ ಬಿರದದ್ದು ಮಂದಿಗೆ ತಿಳದ್ರ ಅಂಗಡಿನೂ ಕೆಡವತಾರ, ನಕಾಶಿಗೆ ಬರಕೋರಿ, ಬಾಯಿಲೆ ಆಡಬ್ಯಾಡ್ರಿ ಅಂತ ಕೈಮುಗದ್ನಿ ಅಕ್ಕಾರ. ಅವರು ಆತು ಅಂದ್ರು. ಮಾತು ನಡಸಿದ್ರು" ಎಂದ. ನಿಮ್ಮನ್ನು ತೆಗೆದು ಹಾಕಿದಾಗ ನೀನ್ಯಾಕೆ ಸುಮ್ಮನಿದ್ದೆ ಎಂದೆ. ಅದಕ್ಕೂ ಅಂಗಡಿಯ ಹೆದರಿಕೆಯನ್ನೇ ಹೇಳಿದ.

ಅವನಿಗೆ ಮಾತು ಕೊಟ್ಟಿರಿ, ಸರಿ. ಆದರೆ ವಿಚಾರಣೆಯಲ್ಲಿ ಎದ್ದು ನಿಂತು ಒಂದು ಮಾತು ಗಟ್ಟಿಯಾಗಿ ಹೇಳಿದ್ದರೆ ದ್ಯಾಮಪ್ಪ ಇಂದು ನಡೆದಾಡುತ್ತಿದ್ದ. ನನ್ನ ತಪ್ಪು ನನ್ನದು, ಅದನ್ನು ನಿಮ್ಮ ಮೇಲೆ ಹೊರಿಸುತ್ತಿಲ್ಲ. ಆದರೂ ನೀವು ನುಂಗಿಕೊಂಡು ಕೂಡುವುದು, ನಾನು ಅದರ ಮೇಲೆ ಏನೇನೋ ಕಟ್ಟುವುದು, ಇದರಲ್ಲಿ ಮೂರನೆಯವರ ಕಾಲು ಮುರಿಯಿತು. ಹಮ್ಮಿಗಿಯಲ್ಲಿ ಯಾರಿದ್ದಾರೆ? ಕಾಗದದಲ್ಲಿ ಬೇಡ. ಎದುರಿಗೆ ಬಂದು ಹೇಳಿ. ಯಾರೇ ಇರಲಿ, ಕೇಳುತ್ತೇನೆ.

ಮಂಡಳಿಯವರು ನಿಮ್ಮನ್ನು ಮತ್ತೆ ಕರೆಯುವ ಮಾತಾಡುತ್ತಿದ್ದಾರೆ, ಆದರೆ ಕೆಲವರಿಗೆ ಇನ್ನೂ ನಿಮ್ಮ ಮೇಲೆ ಗುಮಾನಿ ಇದೆ. ಅರ್ಜಿ ಸುಳ್ಳು ಎಂದು ಬರೆದವರೇ ಹೇಳಬೇಕಂತೆ. ಹೇಳಿದರೆ ನನ್ನ ನೌಕರಿ ಉಳಿಯುವುದು ಕಷ್ಟ. ನಾಳೆ ಏನು ಮಾಡುವೆನೋ ಇವತ್ತು ಮಾತು ಕೊಡಲಾರೆ. ನನ್ನ ಮೇಲೇ ನನಗೆ ಭರವಸೆ ಸಾಲದು.

ಇಂತಿ,
ಮಂಜವ್ವ

ತಾ.ಕ. — ಶನಿವಾರ ಮಧ್ಯಾಹ್ನ. ಈ ಕಾಗದವನ್ನು ನಿನ್ನೆ ಟಪಾಲಿಗೆ ಹಾಕಲಿಲ್ಲ. ಇವತ್ತು ಮುಂಜಾನೆ ಯಮನೂರಸಾಬನ ಟಾಂಗಾದಲ್ಲೇ ಕೂತು ಮಂಡಳಿಯ ಕಚೇರಿಗೆ ಹೋದೆ, ಅವನ ಎದುರಿಗೇ ಎಲ್ಲ ಬರೆಸಿದೆ. ಕಾರಕೂನ ತಿರಕಪ್ಪ ಹೆಸರು ಕೇಳಿದ, ಹೇಳಿದೆ. ಗಂಡನ ಹೆಸರು ಕೇಳಿದ. ಶಾಲೆಯ ದಫ್ತರದಲ್ಲಿ ಎರಡು ವರ್ಷದಿಂದ ಅಪ್ಪನ ಹೆಸರೇ ಇದೆ, ಅದನ್ನೇ ಹೇಳಬಹುದಿತ್ತು. "ಗವಿಸಿದ್ದಪ್ಪ" ಅಂದೆ. ಅವನು ಲೇಖಣಿ ನಿಲ್ಲಿಸಿ, "ಯಾವ ಗವಿಸಿದ್ದಪ್ಪರಿ ಅಕ್ಕಾರ?" ಎಂದ. "ನೀವು ಕೆಲಸದಿಂದ ತೆಗದ್ರಲ್ಲ, ಅವರ" ಅಂದೆ. ಅವನು ಲೇಖಣಿಯನ್ನು ಶಾಯಿಗೆ ಅದ್ದಿ, ಬರೆದುಕೊಂಡ.