ಏಳನೇ ಮನೆಗೂ ಎಂಟನೇ ಮನೆಗೂ ನಡುವೆ

ಹುಬ್ಬತಲೈ
14 ಮಾರ್ಚ್ 2024, ಗುರುವಾರ

ಗಿರೀಶ್ ಅವರಿಗೆ,

ಬೆಳಿಗ್ಗೆಯಿಂದ ನಿಮ್ಮ ಫೋನ್ ಹನ್ನೊಂದು ಸಲ ಬಂತು. ಎತ್ತಲಿಲ್ಲ. ಎತ್ತಿದರೆ ನೀವು ವಕೀಲರು ಹೇಳಿಕೊಟ್ಟ ಮಾತು ಆಡುತ್ತೀರಿ, ನಾನು ಅಳುತ್ತೇನೆ, ಹೇಳಬೇಕಾದದ್ದು ಹಾಗೇ ಉಳಿಯುತ್ತದೆ. ಅದಕ್ಕೇ ಈ ಕಾಗದ. ನೀವು ಕೇಳಿದ ಸುದ್ದಿ ನಿಜ. ನಿನ್ನೆ ಊಟಿಯ ಅರಣ್ಯ ಇಲಾಖೆ ಕಚೇರಿಗೆ ಹೋಗಿ ನನ್ನ ಸರ್ವೆ ಪುಸ್ತಕವನ್ನು ಅಧಿಕಾರಿಯ ಕೈಗೆ ಕೊಟ್ಟೆ. ನಾವು ಸಲ್ಲಿಸಿದ ಆನೆದಾರಿಯ ನಕ್ಷೆ ಸುಳ್ಳು ಎಂದು ಬರೆದು ಸಹಿ ಹಾಕಿದೆ.

ನಿಮ್ಮನ್ನು ಕೆಟ್ಟವರು ಎಂದು ಯಾರಾದರೂ ಅಂದರೆ ಇವತ್ತಿಗೂ ನಾನು ಒಪ್ಪುವುದಿಲ್ಲ. ಮೋಯಾರ್ ಹೊಳೆ ಪಕ್ಕದ ಆ ನಲವತ್ತೆರಡು ಎಕರೆ ಬೇರೆಯವರ ಕೈಗೆ ಹೋಗಿದ್ದರೆ ರೆಸಾರ್ಟ್ ಎದ್ದಿರುತ್ತಿತ್ತು. ಹದಿನಾಲ್ಕೇ ಮನೆ ಸಾಕು, ಉಳಿದದ್ದನ್ನು ಕಾಡಿಗೇ ಬಿಡೋಣ ಅಂದವರು ನೀವು. ಕಾಂಪೌಂಡ್ ಬೇಡ, ಬೀದಿದೀಪ ಬೇಡ ಅಂದವರೂ ನೀವೇ. ಲಂಟಾನ ಕಳೆ ಕಿತ್ತು ಕಿತ್ತು ನಿಮ್ಮ ಅಂಗೈ ಒಡೆದಿದ್ದಾಗ ಎಣ್ಣೆ ಹಚ್ಚಿದ್ದು ನಾನು.

ಕಾಡು ಓದಲು ನನಗೆ ಕಲಿಸಿದವರು ನಮ್ಮಲ್ಲಿ ಕೆಲಸಕ್ಕಿದ್ದ ಕೆಂಪಣ್ಣ. ಏಳನೇ ಮನೆಗೂ ಎಂಟನೇ ಮನೆಗೂ ಗುರುತು ಹಾಕಿದ ಜಾಗದ ನಡುವೆ ನಿಂತು, ಮರದ ತೊಗಟೆಗೆ ಮೆತ್ತಿದ ಕೆಸರು ತೋರಿಸಿ, "ಮಳೆ ನಿಂತ್ಮೇಲೆ ಆನೆ ಹೊಳೆಗೆ ಇಳಿಯೋದು ಇದೇ ದಾರೀಲಮ್ಮ, ನಮ್ಮ ತಾತನ ಕಾಲದಿಂದ" ಅಂದಿದ್ದರು. ಪುಸ್ತಕದಲ್ಲಿ ಹಾಗೇ ಬರೆದುಕೊಂಡೆ. ಆ ದಾರಿ ಉಳಿಸಬೇಕಾದರೆ ಎರಡು ಮನೆ ಬಿಡಬೇಕಿತ್ತು. ಬಿಟ್ಟರೆ ಬಂಡವಾಳ ಹಾಕಿದವರು ಹಿಂದೆ ಸರಿಯುತ್ತಿದ್ದರು. ಆ ಮಂಗಳವಾರ ಸಂಜೆ ನೀವು ನನ್ನ ಮೇಜಿನ ಮುಂದೆ ಕೂತು, "ದಾರೀನ ಇನ್ನೂರು ಅಡಿ ಆಚೆಗೆ ತೋರಿಸೋಕಾಗಲ್ವಾ ರಂಜಿ? ಆನೆಗೆ ಇನ್ನೂರು ಅಡಿ ಯಾವ ದೂರ?" ಅಂದಿರಿ. ಮತ್ತೆ ಮತ್ತೆ ಕೇಳಿದಿರಿ. ಕೊನೆಗೆ ನಾನು ಹೂಂ ಎಂದು ತಲೆಯಾಡಿಸಿದೆ.

ಎಂಟನೇ ಮನೆ ಕೊಂಡ ಕೊಯಮತ್ತೂರಿನ ದಂಪತಿ ಆ ನಕ್ಷೆ ನಂಬಿಯೇ ಸೋಲಾರ್ ವಿದ್ಯುತ್ ಬೇಲಿ ಹಾಕಿಸಿಕೊಂಡರು. ಜನವರಿಯ ಆ ಮುಂಜಾನೆ ಬಂದದ್ದು ಆರು ಆನೆ, ಜೊತೆಗೊಂದು ಮರಿ. ಬೇಲಿ ತಾಗಿ ಬೆದರಿ, ಕೆಲಸದವರು ಓಡಾಡುವ ಹಾದಿಗೆ ನುಗ್ಗಿದವು. ನೀರು ಬಿಡಲು ಬರುತ್ತಿದ್ದ ಕೆಂಪಣ್ಣ ಎದುರಾದರು. ಸೊಂಟ ಮುರಿದು ಬಿದ್ದವರನ್ನು ಜೀಪಿನಲ್ಲಿ ಮಲಗಿಸಿಕೊಂಡು ಗೂಡಲೂರಿನ ಆಸ್ಪತ್ರೆಗೆ ಓಡಿದವರೂ ನೀವೇ. ಆದರೆ ವಾರ ಕಳೆಯುವುದರೊಳಗೆ 'ಕೆಲಸಗಾರನ ಅಜಾಗರೂಕತೆ' ಎಂದು ವರದಿ ಬರೆದು ಸಹಿ ಹಾಕಿದಿರಿ. ಅವತ್ತೇ ನಾನು ಅಮ್ಮನ ಮನೆಗೆ ಬಂದೆ.

ಕಳೆದ ಶುಕ್ರವಾರ ಆಸ್ಪತ್ರೆಗೆ ಹೋಗಿದ್ದೆ. ಕೆಂಪಣ್ಣ ಇನ್ನು ಕಾಡು ಸುತ್ತುವಂತಿಲ್ಲ ಎಂದು ಡಾಕ್ಟರು ಹೇಳಿದ್ದಾರೆ. ಅವರು ಗೋಡೆ ಕಡೆ ಮುಖ ಮಾಡಿ ಮಲಗಿದ್ದರು. ಅವರ ಹೆಂಡತಿ ಸಿದ್ದಿ ನನ್ನ ಕೈ ಹಿಡಿದು, "ಇವ್ರು ನಿಮ್ಗೆ ದಾರಿ ತೋರ್ಸಿದ್ರಲ್ಲಮ್ಮಾ? ಮತ್ತೆ ಅಲ್ಲಿಗೆ ಬೇಲಿ ಹೆಂಗೆ ಬಂತು?" ಎಂದು ಕೇಳಿದಳು. ಜಗಳಕ್ಕಲ್ಲ, ನಿಜವಾಗಿಯೂ ಗೊತ್ತಿಲ್ಲದೆ ಕೇಳಿದ್ದು. ಕೆಂಪಣ್ಣ ಮಾತ್ರ ತಿರುಗಲಿಲ್ಲ. ಅವರಿಗೆ ಗೊತ್ತಾಗಿದೆ ಅನ್ನಿಸಿತು.

ಸೋಮವಾರ ಬೆಳಿಗ್ಗೆ ಹನ್ನೊಂದು ಗಂಟೆಗೆ ಅದೇ ಕಚೇರಿಯಲ್ಲಿ ವಿಚಾರಣೆ. ಹದಿನಾಲ್ಕು ಮನೆಗೂ ತಡೆ ಬರಬಹುದು. ನೀವು ಬನ್ನಿ. ವಕೀಲರನ್ನು ಮುಂದೆ ಬಿಡದೆ ಬನ್ನಿ, ಆ ವರದಿ ಹಿಂದಕ್ಕೆ ತೆಗೆದುಕೊಳ್ಳಿ. ಅಷ್ಟಾದರೆ ಕೆಂಪಣ್ಣನಿಗೆ ನ್ಯಾಯವಾಗಿ ಸಿಗಬೇಕಾದ ಪರಿಹಾರ ಸಿಗುತ್ತದೆ.

ನಿನ್ನೆ ಮನೆಗೆ ಬಂದಾಗ ಅಮ್ಮ ಕೇಳಿದಳು: "ಎಲ್ಲಾನೂ ಹೇಳ್ದೆಯಾ ಮಗಳೇ?" ಹೂಂ ಅಂದೆ. ಅವಳು ಚಹಾ ಎಲೆ ಕೊಯ್ಯಲು ತೋಟಕ್ಕೆ ಇಳಿದಳು.

ಈಗಲೂ ನಿಮ್ಮ ಹೆಂಡತಿಯೇ ಆಗಿರುವ,
ರಂಜಿತಾ

ಮರೆತದ್ದಲ್ಲ, ಬರೆಯಲು ಧೈರ್ಯ ಸಾಲದೆ ಉಳಿದದ್ದು: ಗಂಡನ ಒತ್ತಾಯಕ್ಕೆ ನಕ್ಷೆಯ ಗೆರೆ ಸರಿಸಿದೆ ಎಂದು ನಿನ್ನೆ ಹೇಳಿಕೆ ಕೊಟ್ಟಿದ್ದೇನೆ. ಅದು ಸುಳ್ಳು. ನೀವು ಕೇಳಿದ್ದು ಮಂಗಳವಾರ. ನಾನು ನಕ್ಷೆ ತಿದ್ದಿ ಕಳಿಸಿದ್ದು ಅದರ ಹಿಂದಿನ ದಿನ, ಸೋಮವಾರವೇ. ನಾಲ್ಕು ವರ್ಷ ನಮ್ಮಿಬ್ಬರ ಮಾತೆಲ್ಲ ಆ ಜಾಗದ್ದೇ. ಆ ಕೆಲಸ ನಿಂತುಹೋದರೆ ನಮ್ಮ ನಡುವೆ ಏನೂ ಉಳಿಯುವುದಿಲ್ಲವೆಂದು ಹೆದರಿದ್ದೆ. ನೀವು ಅಂಗಲಾಚುವುದನ್ನು ಸುಮ್ಮನೆ ಕೂತು ಕೇಳಿ, ನಿಮಗೋಸ್ಕರ ಸೋತವಳಂತೆ ತಲೆಯಾಡಿಸಿದೆ. ಎರಡು ತಿಂಗಳಿಂದ ನಿಮ್ಮನ್ನೇ ದೂರುತ್ತ ಬಂದೆ. ನೀವು ಬಂದರೂ ಬರದಿದ್ದರೂ ಸೋಮವಾರ ಹೇಳಿಕೆ ತಿದ್ದಿಸುತ್ತೇನೆ. ಅದಕ್ಕೂ ಮೊದಲು, ಭಾನುವಾರ, ಗೂಡಲೂರಿಗೆ ಹೋಗಿ ಕೆಂಪಣ್ಣನಿಗೆ ಹೇಳುತ್ತೇನೆ.