ಎಡಗಣ್ಣಿನ ಗುಟ್ಟು

ಹರಿಹರ
14-3-1961

ಪ್ರೀತಿಯ ತಮ್ಮ ಮೈಲಾರಿಗೆ,

ಭುಜದ ಬಾವು ಇಳಿಯಿತೇ? ಹಾಸ್ಟೆಲಿನ ಊಟ ಈಗಲಾದರೂ ಸೇರುತ್ತಿದೆಯೇ? ಇಲ್ಲಿ ಎಲ್ಲರೂ ಆರೋಗ್ಯವಾಗಿದ್ದೇವೆ.

ಈ ಬೆಳಿಗ್ಗೆ ಅಮ್ಮ ಸೆರಗಿನಿಂದ ನಿನ್ನ ಫೋಟೋ ಒರೆಸುತ್ತಿದ್ದಾಗ ಒಂದು ಸಂಗತಿ ಕಂಡಿತು. ವಿಮಾನದ ರೆಕ್ಕೆ ಹಿಡಿದು ನಿಂತ ನೀನು ಮುಖವನ್ನು ಎಡಕ್ಕೆ ತಿರುಗಿಸಿ, ಬಲಗಣ್ಣನ್ನೇ ಮುಂದೆ ಮಾಡಿದ್ದೀಯ. ಸೂಜಿಗೆ ದಾರ ಪೋಣಿಸುವಾಗಲೂ ಹೀಗೇ ಮಾಡುತ್ತಿದ್ದೆ. ಅಮ್ಮನಿಗೆ ಅದು ಠೀವಿಯಾಗಿ ಕಂಡಿದೆ. ನಾನು ನಿನ್ನ ಹಳೆಯ ಪತ್ರಗಳನ್ನೆಲ್ಲ ತೆಗೆದು ಮತ್ತೆ ಓದಿದೆ.

ನಿನ್ನೆ ಬಂದ ಪತ್ರವನ್ನು ಎಂದಿನಂತೆ ನಾನೇ ಓದಿ ಹೇಳಿದೆ. ನೆಲ ಇನ್ನೂ ದೂರವಿದೆ ಎಂದುಕೊಳ್ಳುವಷ್ಟರಲ್ಲಿ ಚಕ್ರ ಬಡಿದು ವಿಮಾನ ಚೆಂಡಿನಂತೆ ಪುಟಿಯಿತು ಎಂದು ಬರೆದಿದ್ದೀಯ. ಅಪ್ಪ ನಕ್ಕರು: “ಸೈಕಲ್ ಕಲಿಯಾಕೂ ನಾಕು ಸಲ ಬೀಳ್ಬೇಕು.” ಅಮ್ಮ ರೊಟ್ಟಿ ತಟ್ಟುವುದನ್ನು ನಿಲ್ಲಿಸಿ, “ಸೈಕಲ್ ಬಿದ್ರೆ ಮೊಣಕಾಲು ತರಚ್ತೈತ್ರಿ, ಅಷ್ಟಾ. ಇದು ಹಂಗೈತೇನು?” ಎಂದಳು. ಆದರೂ ಅಪ್ಪ ಸಂಜೆ ಗೆಳೆಯರಿಗೆಲ್ಲ “ಶನಿವಾರ ನಮ್ಮ ಹುಡುಗ ಒಬ್ನೇ ಹಾರಿಸ್ತಾನ್ರಿ” ಎಂದು ಹೇಳಿ ಬಂದಿದ್ದಾರೆ.

ಇಳಿಯುವಾಗ ಹೀಗಾದದ್ದು ಇದು ಮೂರನೆಯ ಸಲ. ಮೊದಲ ಸಲ ಗಾಳಿ ಜೋರಿತ್ತು ಎಂದು ನೀನು ಬರೆದೆ. ಎರಡನೆಯ ಸಲ ಚಕ್ರ ಸೊಟ್ಟಗಾದಾಗ ಬಿಸಿಲು ಕಣ್ಣಿಗೆ ಹೊಡೆಯಿತು ಎಂದೆ. ಹಾರಾಟ ಕಲಿಸುವ ನಿನ್ನ ಗುರುಗಳೂ ನಂಬಿರಬೇಕು. ಚಿಕ್ಕಂದಿನಲ್ಲಿ ಚಿಣ್ಣಿದಾಂಡು ಆಡುವಾಗ ಚಿಣ್ಣಿ ಬಡಿದ ನಿನ್ನ ಎಡಗಣ್ಣು ಮಸುಕೆಂದು ಗೊತ್ತಿರುವವಳು ನಾನೊಬ್ಬಳೇ. ದಾವಣಗೆರೆಯ ಕಣ್ಣಿನ ಡಾಕ್ಟರರ ಗೋಡೆಯ ಮೇಲಿದ್ದ ಅಕ್ಷರಗಳನ್ನು ಗುಟ್ಟಾಗಿ ಬರೆದು ತಂದವಳೂ ನಾನೇ. ಹಿತ್ತಲಲ್ಲಿ ಕೂರಿಸಿ, ಪದ್ಯ ಬಾಯಿಪಾಠ ಮಾಡಿಸಿದಂತೆ ಸಾಲುಸಾಲಾಗಿ ಹೇಳಿಸಿದೆ. ವಿಮಾನ ಕಲಿಯಲು ಸೇರುವ ಮುನ್ನ ಅಲ್ಲಿ ನಡೆದ ಕಣ್ಣಿನ ಪರೀಕ್ಷೆಯಲ್ಲಿ ನೀನು ಒಂದೂ ತಪ್ಪಲಿಲ್ಲ, ನಾನು ಹಿಗ್ಗಿದೆ. ಈಗ ಕಣ್ಣು ಮುಚ್ಚಿದರೆ ನೆಲ ಮೇಲೆದ್ದು ನಿನ್ನ ಕಡೆ ಬರುತ್ತದೆ. ಮೂರು ಸಲವೂ ಕೊನೆಯ ಗಳಿಗೆಯಲ್ಲಿ ಮುಂದಿನ ಸೀಟಿನಿಂದ ಗುರುಗಳು ಉಳಿಸಿದರು. ಶನಿವಾರ ಆ ಸೀಟು ಖಾಲಿ.

ಹೊತ್ತಿಗೆ ಸರಿಯಾಗಿ ಊಟ ಮಾಡು. ಅಪ್ಪ ಅಮ್ಮನ ಆಶೀರ್ವಾದ ನಿನ್ನ ಮೇಲಿದೆ.

ನಿನ್ನ ಅಕ್ಕ,
ನೀಲಾ

ತಾ.ಕ.: ಇದನ್ನು ಅಂಚೆಗೆ ಹಾಕುವ ಮೊದಲು ನಿನ್ನ ಗುರುಗಳಿಗೆ ತಂತಿ ಕೊಡುತ್ತೇನೆ. ತಂತಿ ಕಚೇರಿಯ ಪಂಚಾಕ್ಷರಪ್ಪನವರು ಓದಿ “ಯಾಕವ್ವಾ ಇದು?” ಎಂದು ಕೇಳಿಯೇ ಕೇಳುತ್ತಾರೆ; ಸಂಜೆಯೊಳಗೆ ಅಪ್ಪನಿಗೂ ಗೊತ್ತಾಗುತ್ತದೆ. ಆಗಲಿ. ಬರೆದಿಟ್ಟುಕೊಂಡಿರುವುದು ಇಷ್ಟು: “ಮೈಲಾರಲಿಂಗಪ್ಪನನ್ನು ಒಬ್ಬನೇ ಹಾರಲು ಬಿಡಬೇಡಿ. ಎಡಗಣ್ಣು ಕಾಣದು. ಪರೀಕ್ಷೆಯ ಮೋಸ ನನ್ನದೂ ಹೌದು. ಅಕ್ಕ.”